ಕರಿಯನ ಮೇಲಿನ ದೂರು

೨೦ ಜೂನ್ ೨೦೨೪, ಶಿಡ್ಲಘಟ್ಟ

ಚುನಾವಣೆ ಮುಗಿದು, ಗೆದ್ದವರು ಹಾರ ಹಾಕಿಸಿಕೊಂಡು, ಆ ಹಾರವೂ ಬಾಡಿ ತಿಪ್ಪೆ ಸೇರಿದ ಮೇಲೆ ಇವತ್ತು ನನ್ನ ಪಿಸ್ತೂಲು ವಾಪಸ್ಸು ಬಂತು. ಪ್ರತಿ ಚುನಾವಣೆಗೂ ಇದೇ ಕರ್ಮ. ಲೈಸೆನ್ಸ್ ಇಟ್ಟುಕೊಂಡ ಮರ್ಯಾದಸ್ಥರೆಲ್ಲ ಸಾಲಾಗಿ ಹೋಗಿ ಕೋವಿ, ಪಿಸ್ತೂಲು ಠಾಣೆಗೆ ಒಪ್ಪಿಸಬೇಕು. ಲೈಸೆನ್ಸೇ ಇಲ್ಲದವನು ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ರಚಾರಕ್ಕೆ ಹೋಗಬಹುದು. ಅವನನ್ನು ಕೇಳುವವರಿಲ್ಲ.

ಮನೆಗೆ ತಂದು ನೋಡಿದರೆ ಸ್ಲೈಡು ಹಿಂದಕ್ಕೆ ಬರಲೇ ಒಲ್ಲದು. ಎರಡು ಸಲ ಎಳೆದೆ, ಮೂರನೇ ಸಲ ಸೊಂಟಕ್ಕೆ ಒತ್ತಿ ಹಿಡಿದು ಎಳೆದೆ. ಠಾಣೆಯ ಬೀರುವಿನಲ್ಲಿ ಎಂಥ ತೇವದಲ್ಲಿ ಇಟ್ಟಿದ್ದರೋ. ತುಕ್ಕು ಕಣ್ಣಿಗೆ ಕಾಣಲಿಲ್ಲ, ಒಳಗೆ ಎಲ್ಲೋ ಇರಬೇಕು. ಎಣ್ಣೆ ಹಾಕಿದೆ. ಆ ಎಣ್ಣೆಗೂ ವಾಸನೆ ಇಲ್ಲ. ಮೊದಲು ಡಬ್ಬಿಯ ಮುಚ್ಚಳ ತೆಗೆದರೆ ಹಜಾರವೆಲ್ಲ ಗಮ್ಮೆನ್ನುತ್ತಿತ್ತು, ನನ್ನ ಹೆಂಡತಿ ಗಂಗುಲು ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಇವತ್ತೂ ಓಡಿದಳು. ಬರೀ ನಾಟಕ.

ಇನ್ನೊಂದು ಸುದ್ದಿ. ಅಣ್ಣ ಮುನಿವೆಂಕಟಪ್ಪನ ಪಿಸ್ತೂಲು ನನ್ನ ಹೆಸರಿಗೆ ಆಯಿತು. ಅಣ್ಣ ಸಂಕ್ರಾಂತಿ ಕಳೆದ ಮೇಲೆ ಹೋದ, ಅವನ ಮಕ್ಕಳಿಗೆ ಪಿಸ್ತೂಲು ಬೇಡವಂತೆ. ಆದರೆ ಈಗಿನ ಕಾನೂನಿನಲ್ಲಿ ಒಬ್ಬನಿಗೆ ಎರಡೇ ಆಯುಧ. ಅಪ್ಪನ ಕಾಲದ ತೋಟಾಕೋವಿ ಒಂದಿದೆ, ಅದನ್ನು ಕೊಡುವ ಮಾತೇ ಇಲ್ಲ. ಅಂದರೆ ನನ್ನ ಪಿಸ್ತೂಲು ಕರಿಯ, ಅಣ್ಣನ ಪಿಸ್ತೂಲು ಬೆಳ್ಳಿ, ಇವೆರಡರಲ್ಲಿ ಒಂದನ್ನು ವರ್ಷದೊಳಗೆ ಅಂಗಡಿಗೆ ಒಪ್ಪಿಸಬೇಕು. ಲೈಸೆನ್ಸ್ ಕಚೇರಿಯ ಹುಡುಗ ಹಲ್ಲು ಬಿಟ್ಟುಕೊಂಡು ಕೇಳಿದ: "ಗೂಡಿನ ದುಡ್ಡೆಲ್ಲ ಈಗ ಅಕೌಂಟಿಗೇ ಬೀಳತ್ತಲ್ಲ ಸರ್, ನಿಮ್ಗೆ ಪಿಸ್ತೂಲ್ ಯಾಕೆ?" ಮೈ ಉರಿದುಹೋಯಿತು. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಎಲ್ಲವೂ ನಗದು ನಡೆಯುತ್ತಿದ್ದ ಕಾಲದಲ್ಲಿ ದಿಬ್ಬೂರಹಳ್ಳಿ ರಸ್ತೆಯಲ್ಲಿ ಮೂವರು ಬಂಡೆ ಅಡ್ಡ ಇಟ್ಟು ನನ್ನ ಜೀಪು ನಿಲ್ಲಿಸಿದ್ದರು. ಕರಿಯನನ್ನು ಬಾನೆಟ್ಟಿನ ಮೇಲೆ ಟಕ್ ಎಂದು ಇಟ್ಟೆ, ಗುರಿ ಕೂಡ ಹಿಡಿಯಲಿಲ್ಲ. ಬಂಡೆಯನ್ನು ಅವರೇ ಸರಿಸಿ ಹೋದರು. ಆ ಹುಡುಗ ಆಗ ಹುಟ್ಟಿಯೂ ಇರಲಿಲ್ಲ.

ಯಾವುದನ್ನು ಇಟ್ಟುಕೊಳ್ಳುವುದು ಎಂದು ಸರಿಯಾಗಿ ಹೋಲಿಸಿಯೇ ತೀರ್ಮಾನಿಸುತ್ತೇನೆ. ಅಣ್ಣ ಬದುಕಿರುವವರೆಗೂ ಬೆಳ್ಳಿಯೇ ಮೇಲು ಎಂದು ವಾದಿಸಿದ. ನಾನು ಕರಿಯ ಎಂದೆ. ಕರಿಯನನ್ನು ಕೊಟ್ಟುಬಿಟ್ಟರೆ ಸತ್ತ ಮೇಲೂ ಅವನೇ ಗೆದ್ದ ಹಾಗೆ.

೨೩ ಜೂನ್, ಭಾನುವಾರ

ಗೌರಿಬಿದನೂರು ರಸ್ತೆಯ ಹಳೇ ಕಲ್ಲುಕ್ವಾರಿಯಲ್ಲಿರುವ ನಮ್ಮ ಸಂಘದ ಶೂಟಿಂಗ್ ರೇಂಜಿಗೆ ಎರಡನ್ನೂ ತೆಗೆದುಕೊಂಡು ಹೋಗಿದ್ದೆ.

ಬೆಳ್ಳಿ ವಿದೇಶದ್ದು, ಹಳೆಯದು, ಮೇಲೆ ಬಿಳಿ ಮೆರುಗು. ಹಗುರ. ಜೇಬಿನಲ್ಲಿಟ್ಟರೆ ಅಂಗಿ ಜೋಲುವುದಿಲ್ಲ. ಟ್ರಿಗರ್ ಬೆಣ್ಣೆ, ಬೆರಳು ಸೋಕಿದರೆ ಸಾಕು. ಅಣ್ಣ ಹೊಗಳುತ್ತಿದ್ದುದು ಇದನ್ನೇ. ಆದರೆ ಹಿಡಿ ಗಿಡ್ಡ, ನನ್ನ ಕಿರುಬೆರಳಿಗೆ ಜಾಗವಿಲ್ಲದೆ ಗಾಳಿಯಲ್ಲಿ ನಿಲ್ಲುತ್ತದೆ. ಹೊಡೆದಾಗ ಸ್ಲೈಡು ಹಿಂದೆ ಬಂದು ಹೆಬ್ಬೆರಳ ಸಂದಿಯ ಚರ್ಮ ಕಚ್ಚುತ್ತದೆ. ಗುರಿ ನೋಡುವ ಕಚ್ಚು ಎಷ್ಟು ಸಣ್ಣದೆಂದರೆ ಇದ್ದೂ ಇಲ್ಲದ ಹಾಗೆ.

ಕರಿಯ ನಮ್ಮ ದೇಶದವನೇ. ಭಾರ, ಒರಟು. ಟ್ರಿಗರ್ ಎಳೆಯುವುದೆಂದರೆ ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ. ಆದರೆ ಆ ಭಾರವೇ ಅವನ ಗುಣ, ಹೊಡೆದರೆ ನೆಗೆಯುವುದಿಲ್ಲ. ಹಿಡಿ ಕೈತುಂಬ ಕೂರುತ್ತದೆ. ತೋಟಾ ಯಾವುದೇ ಹಾಕಿ, ನುಂಗಿ ಉಗಿಯುತ್ತಾನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಕೊಂಡವನಲ್ಲ.

ಇವತ್ತು ಸಿಕ್ಕಿಕೊಂಡ. ಖಾಲಿ ತೋಟಾ ಆಚೆ ಹಾರದೆ ಸ್ಲೈಡಿನ ಬಾಯಲ್ಲಿ ಚಿಮಣಿಯ ಹಾಗೆ ನೆಟ್ಟಗೆ ನಿಂತಿತು. ತೆಗೆದು ಮತ್ತೆ ಹೊಡೆದೆ. ಮತ್ತೆ ಚಿಮಣಿ. ಮದ್ದಿನ ವಾಸನೆಯೂ ಬರಲಿಲ್ಲ, ಈಗಿನ ತೋಟಾಗಳಿಗೆ ಏನು ತುಂಬುತ್ತಾರೋ. ರೇಂಜು ನೋಡಿಕೊಳ್ಳುವ ಎರ್ರಪ್ಪ, ಮಿಲಿಟರಿಯಿಂದ ನಿವೃತ್ತನಾದವನು, ಹಿಂದೆ ಬಂದು ನಿಂತು ಉಪದೇಶ ಶುರುಮಾಡಿದ.

"ಮಣಿಕಟ್ಟು ಬಿಗಿ ಹಿಡೀರಿ ಸಾಮಿ. ಪಿಸ್ತೂಲು ಹಿಂದಕ್ಕೆ ಒದೆಯಕ್ಕೆ ಒಂದು ಗೋಡೆ ಬೇಕು. ಕೈ ಮೆತ್ತಗಾದ್ರೆ ಅದು ಖಾಲಿ ತೋಟಾನ ಉಗಿಯಲ್ಲ."

"ನಂಗೇ ಹಿಡಿಯೋದು ಹೇಳ್ಕೊಡ್ತೀಯೇನಯ್ಯ? ನೀನು ಬರೋಕ್ಕೆ ಮೊದ್ಲಿಂದ ಹೊಡೀತಿದ್ದೀನಿ ಇಲ್ಲಿ!"

"ಏಮಂಟಿರಿ?" ಎಂದು ತೆಲುಗಿನಲ್ಲೇ ಕೇಳಿ ಕಿವಿ ಮುಂದೆ ಮಾಡಿದ. ಅವನಿಗೂ ಕಿವುಡು ಹತ್ತಿದೆ. ಮನೆಯಲ್ಲೂ ಎಲ್ಲರಿಗೂ ಎರಡೆರಡು ಸಲ ಹೇಳಬೇಕು. ನನ್ನ ಸುತ್ತಲಿರುವವರಿಗೆಲ್ಲ ಒಟ್ಟಿಗೆ ವಯಸ್ಸಾಯಿತೇ?

ಠಾಣೆಯ ಬೀರುವಿನ ತುಕ್ಕು. ಅನುಮಾನವೇ ಇಲ್ಲ.

೮ ಜುಲೈ

ಚಿಂತಾಮಣಿಗೆ ಹೋಗಿ ಬಂದೂಕಿನ ಅಂಗಡಿಯ ರಮೇಶ್‌ಬಾಬುಗೆ ಕರಿಯನನ್ನು ತೋರಿಸಿದೆ. ಪೂರ್ತಿ ಬಿಚ್ಚಿದ. ಸ್ಪ್ರಿಂಗ್ ಹೊಸದು ಹಾಕಿದ. ಖಾಲಿ ತೋಟಾವನ್ನು ಎಳೆದು ಹಾಕುವ ಕೊಕ್ಕೆಯನ್ನು ಮಸೂರದಲ್ಲಿ ನೋಡಿದ. ಹಿಂದಿನ ಮರಳಿನ ಗುಂಡಿಗೆ ತಾನೇ ನಾಲ್ಕು ಹೊಡೆದ. ನಾಲ್ಕೂ ಸಲೀಸು. "ಇದ್ರಲ್ಲಿ ಏನೂ ಇಲ್ಲ ಸರ್, ಕಲ್ಲಿದ್ದಂಗಿದೆ" ಎಂದ.

ಏನೂ ಇಲ್ಲದೆ ನಾನು ಶಿಡ್ಲಘಟ್ಟದಿಂದ ಇಲ್ಲಿಗೆ ಮಣ್ಣು ಹೊರಲು ಬಂದೆನೇ? ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಅವರ ಮುಂದೆಯೇ ಬಾಯಿಗೆ ಬಂದ ಹಾಗೆ ಬೈದೆ. ಕಸುಬು ಗೊತ್ತಿಲ್ಲದವನು ಬೋರ್ಡು ಹಾಕಬಾರದು ಎಂದೆ. ಅವನು ತಲೆ ತಗ್ಗಿಸಿ ಬಟ್ಟೆಯಲ್ಲಿ ಒರೆಸಿ ಒರೆಸಿ ಪಿಸ್ತೂಲು ಡಬ್ಬಿಗಿಟ್ಟ. ಬೈದಾಗ ನನ್ನ ಗಂಟಲು ಕಟ್ಟಿಕೊಂಡಿತು, ಅದೊಂದು ಸಿಟ್ಟು ಬೇರೆ.

ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಸ್ಲೈಡು ಇನ್ನೂ ಗಟ್ಟಿಯಾಗಿದೆ.

೯ ಜುಲೈ

ಈ ದರ್ಜಿಗೆ ಯಾರು ಕಾಜ ಹೊಲಿಯುವುದು ಕಲಿಸಿದರೋ. ಗುಂಡಿ ತೂರುವುದೇ ಇಲ್ಲ. ಅಂಗಿ ಹಾಕಿಕೊಳ್ಳುವುದರಲ್ಲೇ ಕಾಫಿ ಆರಿತು.

೧೪ ಜುಲೈ, ಭಾನುವಾರ

ಮಗಳು ಕಲ್ಯಾಣಿ ಗೌರಿಬಿದನೂರಿನಿಂದ ನೇರವಾಗಿ ರೇಂಜಿಗೆ ಬಂದಳು. ಅಲ್ಲಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು, ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಒಳ್ಳೆಯ ಗುರಿ ಇತ್ತು. ಕರಿಯ ಹೇಗೆ ಕೈಕೊಡುತ್ತಾನೆ ನೋಡು ಎಂದು ನಾನೇ ಕರೆದಿದ್ದೆ. ಸಾಕ್ಷಿ ಬೇಕಲ್ಲ.

ಎರ್ರಪ್ಪ ಪಕ್ಕದಲ್ಲಿ ನಿಂತ. ಅವಳು ಒಂದು ಮ್ಯಾಗಝೀನು ಪೂರ್ತಿ ಹೊಡೆದಳು. ತೋಟಾಗಳು ಹುರಿದ ಕಡಲೆ ಸಿಡಿದ ಹಾಗೆ ಬಲಗಡೆಗೆ ಹಾರಿ ಬಿದ್ದವು. "ಚೆನ್ನಾಗೇ ಇದೆಯಲ್ಲಪ್ಪ" ಎಂದಳು. ನಾನು ಕೈಗೆ ತೆಗೆದುಕೊಂಡೆ. ಎರಡನೆಯದಕ್ಕೇ ಚಿಮಣಿ.

ಇಬ್ಬರೂ ನನ್ನ ಕೈ ನೋಡುತ್ತಿದ್ದರು. ಕಲ್ಯಾಣಿ ಹೊಡೆದು ಬಿಸಿ ಮಾಡಿಟ್ಟಿದ್ದಳು, ಬಿಸಿಗೆ ಲೋಹ ಹಿಗ್ಗುತ್ತದೆ, ಇದು ಅರ್ಥವಾಗಲು ದೊಡ್ಡ ಓದು ಬೇಕಿಲ್ಲ. ಹೇಳಿದೆ. ಕಲ್ಯಾಣಿ ಬಗ್ಗಿ ಖಾಲಿ ತೋಟಾ ಆಯತೊಡಗಿದಳು.

ವಾಪಸ್ಸು ಬರುವಾಗ ಕಾರಿನಲ್ಲಿ ಅವಳು, "ಅಪ್ಪ, ಒಂದ್ಸಲ ಡಾಕ್ಟ್ರ ಹತ್ರ ಹೋಗಣ" ಎಂದಳು.

"ಪಿಸ್ತೂಲಿಗೂ ಡಾಕ್ಟ್ರು ಬಂದವ್ರೇನಮ್ಮ?"

ನಗಲಿಲ್ಲ ಅವಳು. "ತಮಾಷೆ ಮಾಡ್ದಾಗ ಮೊದ್ಲು ನೀನೂ ನಗ್ತಿದ್ದೆ ಕಣಪ್ಪ. ಈಗ ಮುಖ ಹಂಗೇ ಇಟ್ಕೊಂಡಿರ್ತೀಯ. ಸಿಟ್ಟಲ್ಲಿದ್ದೀಯಾ, ತಮಾಷೆ ಮಾಡ್ತಿದ್ದೀಯಾ ಅಂತ್ಲೇ ಗೊತ್ತಾಗಲ್ಲ" ಎಂದಳು.

ಸಿಟ್ಟಿನಲ್ಲೇ ಇದ್ದೇನೆ. ಗೊತ್ತಾಗದಿರಲು ಏನಿದೆ?

೨೨ ಜುಲೈ

ಬ್ಯಾಂಕಿನವನು ಚೆಕ್ಕು ವಾಪಸ್ಸು ಮಾಡಿದ. ಸಹಿ ಹೊಂದುವುದಿಲ್ಲವಂತೆ. ಮತ್ತೆ ಹಾಕಿ ಸರ್, ಇನ್ನೂ ಸ್ವಲ್ಪ ದೊಡ್ಡದಾಗಿ ಹಾಕಿ ಸರ್ ಎಂದು ಮಗ್ಗಿ ಬರೆಸುವ ಮೇಷ್ಟರ ಹಾಗೆ ಕೂರಿಸಿದ. ಮನೆಗೆ ಬಂದರೆ ಗಂಗುಲು ಈ ಡೈರಿ ತೆರೆದಿದ್ದುದನ್ನು ನೋಡಿ, "ಇರುವೆ ಹರಿದಂಗೆ ಬರ್ದಿದ್ದೀರಲ್ರೀ" ಎಂದಳು. ಓದಿದೆಯಾ ಎಂದು ಕೇಳಿದೆ. "ಓದಕ್ಕೆ ಕಾಣುಸ್ಬೇಕಲ್ಲ" ಎಂದಳು.

ಪೆನ್ನು ಬದಲಾಯಿಸಬೇಕು.

೧೫ ಆಗಸ್ಟ್

ಕಲ್ಯಾಣಿಯ ಶಾಲೆಯಲ್ಲಿ ಧ್ವಜಾರೋಹಣಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಕೊಟ್ಟವರ ಬಗ್ಗೆ ನಾಲ್ಕು ಮಾತು ಆಡಿದೆ. ನಮ್ಮ ತಾತ ಆ ದಿನ ಅಲ್ಲಿದ್ದು ಬದುಕಿ ಬಂದವರು. ಮಾತಿನ ನಡುವೆ ಹಿಂದಿನ ಸಾಲಿನ ಹುಡುಗರು "ಕೇಳ್ತಿಲ್ಲ ಸಾರ್, ಕೇಳ್ತಿಲ್ಲ" ಎಂದು ಕೂಗಿದರು. ಮೈಕಿನವನಿಗೆ ಕಾಸು ಕೊಟ್ಟು ಕರೆಸುತ್ತಾರೆ, ಒಂದು ಗುಂಡಿ ತಿರುಗಿಸಲು ಬರುವುದಿಲ್ಲ.

ಮನೆಗೆ ಬಂದು ಊಟ ಆದ ಮೇಲೆ ಕಲ್ಯಾಣಿ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ನಾನು ವೇದಿಕೆಗೆ ನಡೆದು ಹೋಗುವುದು. "ಎಡಗೈ ನೋಡಪ್ಪ, ಬೀಸ್ತಿದೆ. ಬಲಗೈ ನೋಡು" ಎಂದಳು. ಬಲಗೈ ಪಕ್ಕೆಗೆ ಅಂಟಿಕೊಂಡು ಸುಮ್ಮನಿತ್ತು. ಅದಕ್ಕೇನೀಗ? ಆ ಪಕ್ಕದಲ್ಲಿ ಪಿಸ್ತೂಲು ಕಟ್ಟಿಕೊಂಡು ಇಡೀ ಜೀವಮಾನ ಓಡಾಡಿದವನು ನಾನು, ಕೈ ಅಲ್ಲೇ ಇರುತ್ತದೆ. ಅದನ್ನೇ ಹೇಳಿದೆ. ಅವಳು ಇನ್ನೂ ಏನೋ ಹೇಳಲು ಬಂದಳು. ಗಂಗುಲು ಅವಳ ಭುಜ ಮುಟ್ಟಿ ಒಳಗೆ ಕರೆದುಕೊಂಡು ಹೋದಳು. ಅಡುಗೆಮನೆಯಲ್ಲಿ ತಾಯಿ ಮಗಳು ಪಿಸುಪಿಸು.

ನನ್ನ ಬೆನ್ನ ಹಿಂದೆ ಮಾತಾಡುವುದು ನನಗೆ ಹಿಡಿಸುವುದಿಲ್ಲ. ಹೋಗಿ ಬಾಗಿಲಲ್ಲಿ ನಿಂತೆ. ಸಾರಿನ ಉಪ್ಪಿನ ಬಗ್ಗೆ ಮಾತು ಬದಲಾಯಿಸಿದರು. ಉಪ್ಪು ಸರಿಯಾಗೇ ಇತ್ತು.

೮ ಸೆಪ್ಟೆಂಬರ್, ಭಾನುವಾರ

ಗಣೇಶನ ಹಬ್ಬ ಮುಗಿಯಿತು. ರೇಂಜಿಗೆ ಹೋದೆ. ಹೋಗಬಾರದಿತ್ತು.

ಕರಿಯನ ಹುಳುಕು ಹೇಗೂ ಗೊತ್ತಾಗಿತ್ತು, ಇವತ್ತು ಬೆಳ್ಳಿಯೇ ಸರಿ ಎಂದು ತೀರ್ಮಾನ ಮಾಡಿಯೇ ಹೊರಟಿದ್ದೆ. ಅಣ್ಣ ಗೆದ್ದರೆ ಗೆಲ್ಲಲಿ ಎಂದುಕೊಂಡೆ. ಬೆಳ್ಳಿಯನ್ನು ಎತ್ತಿ, ಇನ್ನೂ ಗುರಿ ಹಿಡಿಯುತ್ತಿದ್ದೇನೆ, ಅಷ್ಟರಲ್ಲಿ ಗುಂಡು ಹಾರಿತು. ಮೇಜಿನ ಮುಂದಿನ ನೆಲಕ್ಕೆ ಬಡಿದು ಮಣ್ಣು ಎದ್ದಿತು. ಪಕ್ಕದ ಸಾಲಿನಲ್ಲಿದ್ದವರು ಹಿಂದಕ್ಕೆ ಸರಿದರು. ಎರ್ರಪ್ಪ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿ, ನನ್ನ ಕೈಯಿಂದ ಪಿಸ್ತೂಲು ತೆಗೆದುಕೊಂಡ. ತೆಗೆದುಕೊಂಡ! ಸಣ್ಣ ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ.

"ಇವತ್ತಿಗೆ ಸಾಕು ಸಾಮಿ."

"ಆ ಟ್ರಿಗರ್ ಸರಿ ಇಲ್ಲ ಕಣಯ್ಯ. ಸೋಕಿದ್ರೆ ಹೋಗತ್ತೆ."

"ಅವುನು ಸಾಮಿ, ಸೋಕ್ತು. ಸೋಕಿದ್ದು ಯಾಕೆ ಅಂತ ನೋಡ್ಕೊಳ್ಳಿ" ಎಂದ. ಎಷ್ಟು ಮೆತ್ತಗೆ ಹೇಳಿದನೆಂದರೆ ಕೆನ್ನೆಗೆ ಬಾರಿಸಬೇಕೆನ್ನಿಸಿತು.

ಒಂದು ಸಿಕ್ಕಿಕೊಳ್ಳುತ್ತದೆ, ಇನ್ನೊಂದು ಹೇಳದೆ ಹಾರುತ್ತದೆ. ಎರಡೂ ಕೆಟ್ಟಿವೆ. ಎರಡೂ ಒಂದೇ ವರ್ಷ ಕೆಡುವುದು ಹೇಗೆ?

ಧೂಳು. ಹೊಸ ರಸ್ತೆಯ ಕೆಲಸ ಶುರುವಾದಾಗಿನಿಂದ ಮನೆಯೆಲ್ಲ ಧೂಳು. ಅದೇ ಇರಬೇಕು.

೧೧ ಅಕ್ಟೋಬರ್, ಆಯುಧಪೂಜೆ

ಬರೆಯಲೇಬೇಕು, ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ.

ಖಾಲಿ ಆಯುಧಕ್ಕೆ ಕುಂಕುಮ ಇಡಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಅಪ್ಪ ತೋಟಾಕೋವಿಗೆ ಒಂದು ತೋಟಾ ತುಂಬಿ ಪೂಜೆಗಿಡುತ್ತಿದ್ದರು, ಮಂಗಳಾರತಿ ಆದ ಮೇಲೆ ತೆಗೆಯುತ್ತಿದ್ದರು. ಹಸಿದ ಹೊಟ್ಟೆಯವನನ್ನು ಮಣೆ ಮೇಲೆ ಕೂರಿಸಬಾರದು ಎನ್ನುತ್ತಿದ್ದರು. ಅಣ್ಣನೂ ಹಾಗೇ ಮಾಡಿದ, ನಾನೂ ಹಾಗೇ ಮಾಡುತ್ತ ಬಂದೆ. ಈ ಸಲವೂ ಕರಿಯನೊಳಗೆ ಒಂದು ತೋಟಾ ಇಟ್ಟೆ. ಸ್ಲೈಡು ಎಳೆಯಲು ಮೇಜಿನ ಅಂಚಿಗೆ ಒತ್ತಿಕೊಳ್ಳಬೇಕಾಯಿತು. ಕಾರು, ಮೋಟಾರು, ಕುಡುಗೋಲು, ಕಲ್ಯಾಣಿಯ ಸೀಟಿ, ಎಲ್ಲಕ್ಕೂ ಚೆಂಡುಹೂವು. ನಡುವೆ ಕರಿಯ, ಬೆಳ್ಳಿ, ಅಪ್ಪನ ಕೋವಿ. ನೋಡಲು ಚೆನ್ನಾಗಿತ್ತು.

ಮಂಗಳಾರತಿ ಆಯಿತು. ಕೋವಿಯ ತೋಟಾ ತೆಗೆದೆ. ಬೆಳ್ಳಿಯದು ತೆಗೆದೆ. ಕರಿಯನ ಮ್ಯಾಗಝೀನು ತೆಗೆದೆ, ಸ್ಲೈಡು ಎಳೆದೆ. ಗಟ್ಟಿ. ಇನ್ನೊಂದು ಸಲ ಎಳೆದೆ, ಬಂದ ಹಾಗಾಯಿತು. ತೋಟಾ ಬಟ್ಟೆಯ ಮೇಲೆ ಬಿದ್ದಿರಬೇಕು ಎಂದುಕೊಂಡೆ. ಒಳಗೆ ಬೆರಳಿಟ್ಟು ನೋಡಬೇಕು. ನೂರು ಜನಕ್ಕೆ ಹೇಳಿಕೊಟ್ಟಿದ್ದೇನೆ, ಬೆರಳಿಟ್ಟು ನೋಡದೆ ಟ್ರಿಗರ್ ಮುಟ್ಟಬೇಡಿ ಎಂದು. ನೋಡಲಿಲ್ಲ. ಸ್ಲೈಡನ್ನು ಮತ್ತೆ ಎಳೆಯಬೇಕಾಗುತ್ತದಲ್ಲ ಎಂದು ಬೇಸರವಾಯಿತು. ಖಾಲಿ ಮಾಡಿದ ಮೇಲೆ ಹ್ಯಾಮರ್ ಇಳಿಸಿಡುವುದು ರೂಢಿ, ಗೋಡೆ ಕಡೆ ಹಿಡಿದು ಟ್ರಿಗರ್ ಎಳೆದೆ.

ಗೋಡೆ ಕಡೆ ಹಿಡಿದಿದ್ದೆ. ಆಣೆ ಮಾಡಿ ಹೇಳುತ್ತೇನೆ. ಎಳೆಯುವಾಗ ಎಲ್ಲಿ ತಿರುಗಿತೋ ಗೊತ್ತಿಲ್ಲ.

ಗಂಗುಲು ದೃಷ್ಟಿ ತೆಗೆದು ಒಡೆಯಲೆಂದು ಬೂದುಗುಂಬಳಕಾಯಿಯನ್ನು ಹೊಸ್ತಿಲ ಮೇಲಿಟ್ಟು ಅದಕ್ಕೆ ಕುಂಕುಮ ತುಂಬುತ್ತಿದ್ದಳು. ಕಾಯಿ ಅವಳ ಎರಡು ಕೈಗಳ ನಡುವೆಯೇ ಒಡೆಯಿತು. ಗುಂಡು ಕಾಯಿಯನ್ನು ತೂರಿಕೊಂಡು ಬಾಗಿಲ ಚೌಕಟ್ಟಿನಲ್ಲಿ ನೆಟ್ಟಿತು. ಅವಳ ಮುಖ, ಎದೆ, ಸೀರೆ ಎಲ್ಲ ಕೆಂಪು. ಕುಂಕುಮವೆಂದು ತಿಳಿಯಲು ನನಗೆ ಎಷ್ಟು ಹೊತ್ತಾಯಿತೋ. ಕಲ್ಯಾಣಿ "ಅಮ್ಮಾ" ಎಂದು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ.

ಗಂಗುಲು ಸೆರಗಿನಲ್ಲಿ ಮುಖ ಒರೆಸಿಕೊಂಡು, ಕುಂಬಳದ ತಿರುಳನ್ನು ಕಾಲಿನಲ್ಲಿ ಸರಿಸಿ, ಎದ್ದು ಬಂದು ನನ್ನ ಮುಂದೆ ಕೂತಳು. ನಾನು ಕರಿಯನನ್ನು ಅವಳಿಗೆ ತೋರಿಸುತ್ತಾ, ಹಾಳಾದ್ದು, ಇದರ ಸ್ಲೈಡು, ಇದರ ಸ್ಪ್ರಿಂಗು ಎಂದು ಏನೇನೋ ಹೇಳುತ್ತಿದ್ದೆ.

"ಅದಲ್ಲ" ಎಂದಳು. "ಕೈ ತೋರ್ಸಿ."

ಕೈ ಹಿಂದಕ್ಕೆ ಎಳೆದುಕೊಂಡೆ. ಎದ್ದು ಹೋಗಿ ಈ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೇನೆ.

೧೨ ಅಕ್ಟೋಬರ್

ಕರಿಯನನ್ನು ಕೊಟ್ಟುಬಿಡುತ್ತೇನೆ. ಇಂಥ ದರಿದ್ರ ಮನೆಯಲ್ಲಿ ಬೇಡ. ಮೂವತ್ತು ವರ್ಷ ನಂಬಿದ್ದಕ್ಕೆ ನನ್ನ ಹೆಂಡತಿಯನ್ನೇ ಕೊಲ್ಲಲು ಹೊರಟಿತು.

ಗಂಗುಲು ಚೌಕಟ್ಟಿನ ತೂತಿಗೆ ಅರಿಶಿನ ಮೆತ್ತಿದ್ದಾಳೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೨೦ ಅಕ್ಟೋಬರ್, ಭಾನುವಾರ

ಅಂಗಡಿಗೆ ಒಪ್ಪಿಸುವ ಮೊದಲು ಎರ್ರಪ್ಪನಿಗೆ ಒಂದು ಮಾತು ಹೇಳೋಣವೆಂದು ರೇಂಜಿಗೆ ಹೋದೆ. ಕಾರು ಕಲ್ಯಾಣಿ ಓಡಿಸಿದಳು. ಕೀ ಅವಳೇ ತೆಗೆದುಕೊಂಡಿದ್ದಳು, ನಾನು ಜಗಳ ಮಾಡಲಿಲ್ಲ.

ಕುಂಬಳಕಾಯಿಯ ವಿಷಯ ಕಲ್ಯಾಣಿ ಆಗಲೇ ಅವನಿಗೆ ಹೇಳಿದ್ದಳು. ಅವನು ಬೈಯುತ್ತಾನೆಂದು ಬಾಯಿಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವನು ಕರಿಯನಿಗೆ ತಾನೇ ತೋಟಾ ತುಂಬಿ, ತಾನೇ ಸ್ಲೈಡು ಎಳೆದು, ಮೇಜಿನ ಮೇಲೆ ಎಡಗಡೆಗೆ ಇಟ್ಟ.

"ಎಡಗೈಲಿ ಹೊಡೀರಿ ಸಾಮಿ."

"ನಾನೇನ್ ಎಡಚನೇನಯ್ಯ?"

"ಕಾದು, ಅಲ್ಲ ಸಾಮಿ. ಗುರಿ ಬೇಡ. ಸುಮ್ನೆ ಎದುರಿನ ದಿಬ್ಬಕ್ಕೆ ಹೊಡೀರಿ. ನಾನು ಪಕ್ಕದಲ್ಲೇ ಇರ್ತೀನಿ."

ಎಡಗೈಯಲ್ಲಿ ಎಂದೂ ಹೊಡೆದವನಲ್ಲ. ಹಿಡಿದೆ. ಎಳೆದೆ. ತೋಟಾ ಹಾರಿ ಕಲ್ಲಿನ ಮೇಲೆ ಟಿಣ್ ಎಂದಿತು. ಇನ್ನೊಂದು. ಮತ್ತೊಂದು. ಚಿಮಣಿ ಇಲ್ಲ. ಮ್ಯಾಗಝೀನು ಖಾಲಿಯಾಗುವವರೆಗೂ ಹೊಡೆದೆ. ಎಲ್ಲವನ್ನೂ ಉಗಿದ, ನನ್ನ ಹಳೇ ಕರಿಯ ಉಗಿಯುತ್ತಿದ್ದ ಹಾಗೆಯೇ.

ಎರ್ರಪ್ಪ ಕಲ್ಲಿನ ಮೇಲೆ ಬಿದ್ದ ತೋಟಾಗಳನ್ನು ಎಣಿಸಿದ. ಏನಾದರೂ ಹೇಳಿದ್ದರೆ ಅವನ ಮೇಲೆ ರೇಗಬಹುದಿತ್ತು. ರೇಗಲು ಯಾರೂ ಇರಲಿಲ್ಲ. ಪಿಸ್ತೂಲು ಮೇಜಿನ ಮೇಲಿಟ್ಟು ನನ್ನ ಬಲಗೈ ನೋಡಿದೆ. ತೊಡೆಯ ಪಕ್ಕದಲ್ಲಿ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜುತ್ತಿದ್ದವು, ಗೂಡಿನಿಂದ ಎಳೆ ತೆಗೆಯುವವರ ಬೆರಳಿನ ಹಾಗೆ. ನಾನು ಉಜ್ಜುತ್ತಿರಲಿಲ್ಲ. ನಿಲ್ಲು ಎಂದೆ. ನಿಲ್ಲಲಿಲ್ಲ.

ಯಾವತ್ತಿನಿಂದ ಹೀಗಿದೆ ಎಂದು ಕಲ್ಯಾಣಿಯನ್ನು ಕೇಳಿದೆ. "ಹೋದ್ ದೀಪಾವಳಿಯಿಂದ ಅಪ್ಪ" ಎಂದಳು. ಅಣ್ಣ ಇನ್ನೂ ಇದ್ದ ಆಗ. ಅವನಿಗೂ ಕಂಡಿತ್ತೇನೋ.

೨೮ ಅಕ್ಟೋಬರ್

ಚಿಕ್ಕಬಳ್ಳಾಪುರ. ಡಾಕ್ಟರು ಚಿಕ್ಕ ವಯಸ್ಸಿನವರು. ಒಂದು ಸಾಲು ಬರೆಸಿದರು, ನಡೆಸಿದರು, ಕಾಫಿಪುಡಿಯ ಡಬ್ಬಿ ಮೂಗಿಗೆ ಹಿಡಿದು ಏನಿದು ಎಂದರು. ಖಾಲಿ ಡಬ್ಬಿ ಎಂದೆ. ಗಂಗುಲು ಕಣ್ಣು ಒರೆಸಿಕೊಂಡಳು. ಕೋಣೆಯೆಲ್ಲ ಕಾಫಿ ವಾಸನೆ ಇತ್ತಂತೆ.

ಪಾರ್ಕಿನ್ಸನ್ ಅಂತೆ. ಮಾತ್ರೆ ಇದೆಯಂತೆ, ವ್ಯಾಯಾಮ ಇದೆಯಂತೆ, ವಾಸಿ ಇಲ್ಲವಂತೆ. ಗಟ್ಟಿಯಾಗಿ ಮಾತಾಡುವುದನ್ನು ದಿನಾ ಅಭ್ಯಾಸ ಮಾಡಿ, ಬಲಗೈಗೆ ಕೆಲಸ ಕೊಡಿ ಎಂದರು. ಗಟ್ಟಿಯಾಗಿ ಮಾತಾಡುವುದನ್ನು ನನಗೆ ಹೇಳಿಕೊಡುತ್ತಾರೆ.

ಸಿಟ್ಟು ಬಂತು. ಯಾರ ಮೇಲೆಂದು ಹುಡುಕುತ್ತಿದ್ದೇನೆ.

೪ ನವೆಂಬರ್, ಚಿಂತಾಮಣಿ

ಹಬ್ಬ ಕಳೆದು ರಮೇಶ್‌ಬಾಬು ಅಂಗಡಿ ತೆರೆದ. ಎರಡನ್ನೂ ಒಪ್ಪಿಸಿದೆ. ಅಪ್ಪನ ಕೋವಿಗೆ ಕಲ್ಯಾಣಿ ಅರ್ಜಿ ಹಾಕಿದ್ದಾಳೆ, ಲೈಸೆನ್ಸ್ ಬಂದರೆ ಅವಳ ಹೆಸರಿಗೆ. ಅದನ್ನು ಖಾಲಿಯಾಗಿಯೇ ಪೂಜೆಗಿಡಬೇಕೆಂದು ಈಗಲೇ ಶರತ್ತು ಹಾಕಿದ್ದಾಳೆ. ಹಸಿದ ಹೊಟ್ಟೆ ಇರಲಿ, ಪಕ್ಕದಲ್ಲಿ ಒಂದು ಬಾಳೆಹಣ್ಣು ಇಡುತ್ತಾಳಂತೆ.

ನನ್ನನ್ನು ನೋಡಿ ರಮೇಶ್‌ಬಾಬು ಎದ್ದು ನಿಂತ, ಕುರ್ಚಿ ತೋರಿಸಿದ, ನಾನು ಬೈದು ಹೋದದ್ದು ನೆನಪೇ ಇಲ್ಲದವನ ಹಾಗೆ. ಬೆಳ್ಳಿಯನ್ನು ಮೊದಲು ಕೊಟ್ಟೆ. ಅದು ಅಣ್ಣನದು, ಬೇಗ ಕೈಬಿಟ್ಟಿತು. ಕರಿಯನನ್ನು ಮೇಜಿನ ಮೇಲಿಟ್ಟಾಗ ಟಕ್ ಎಂದಿತು. ದಿಬ್ಬೂರಹಳ್ಳಿ ರಸ್ತೆಯಲ್ಲಿ ಕೇಳಿದ ಅದೇ ಸದ್ದು. ಗಂಗುಲು ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ, ಅದು ಒಳ್ಳೆಯದಾಯಿತು.

"ಕೊಳ್ಳೋರು ಕೇಳ್ತಾರೆ ಸರ್, ಯಾಕೆ ಕೊಟ್ಬಿಟ್ರು ಅಂತ" ಎಂದ ರಮೇಶ್‌ಬಾಬು. "ಸಿಕ್ಕೊಳ್ಳತ್ತೆ ಅಂತ ನೀವೇ ಹೇಳಿದ್ರಲ್ಲ. ಏನ್ ಹೇಳ್ಲಿ?"

ಹೇಳಿದೆ. ಅವನಿಗೆ ಕೇಳಲಿಲ್ಲ. "ಏನ್ ಸರ್?" ಎಂದು ಮುಂದೆ ಬಗ್ಗಿದ. ಹೊಟ್ಟೆಯಿಂದ ಉಸಿರು ಎಳೆದುಕೊಂಡು, ಡಾಕ್ಟರು ಹೇಳಿದ ಹಾಗೆ, ಇನ್ನೊಮ್ಮೆ ಹೇಳಿದೆ. ಅವತ್ತು ಬೈದಿದ್ದಕ್ಕಿಂತ ಜೋರಾಗಿ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇದ್ರಲ್ಲಿ ಏನೂ ತಪ್ಪಿಲ್ಲ ಅಂತ ಹೇಳು! ಸಿಕ್ಕೊಳ್ಳಲ್ಲ. ಹಿಡಿಯೋನು ಮಣಿಕಟ್ಟು ಬಿಗಿ ಹಿಡೀಬೇಕು, ಅಷ್ಟೆ!"

"ಆಯ್ತು ಸರ್, ಹಂಗೇ ಹೇಳ್ತೀನಿ" ಎಂದ ರಮೇಶ್‌ಬಾಬು. ಕರಿಯನನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ.

ಆಚೆ ಬಂದೆವು. ಬಜಾರಿನಲ್ಲಿ ನಡೆಯುವಾಗ ಬಲಗೈ ತಾನಾಗಿಯೇ ಸೊಂಟಕ್ಕೆ ಹೋಗಿ ಅಲ್ಲಿ ಏನೂ ಸಿಗದೆ ನಿಂತಿತು. ಗಂಗುಲು ಹುಣಸೆಹಣ್ಣು ಕೊಂಡ ಚೀಲವನ್ನು ಆ ಕೈಗೇ ತುರುಕಿದಳು.

"ಬಲಗೈಲೇ ಹಿಡ್ಕೊಳ್ಳಿ. ಡಾಕ್ಟ್ರು ಹೇಳವ್ರೆ."

ವರ್ಷಕ್ಕಾಗುವಷ್ಟು ಹುಣಸೆಹಣ್ಣು ಈಗಲೇ ಯಾಕೆ ಬೇಕಿತ್ತು ಎಂದು ರೇಗಿದೆ. "ಏನಂದ್ರಿ?" ಎಂದಳು. ನಿಂತು, ಉಸಿರು ಎಳೆದುಕೊಂಡು, ಇಡೀ ಬಜಾರಿಗೆ ಕೇಳುವಂತೆ ಇನ್ನೊಮ್ಮೆ ರೇಗಿದೆ.

"ಹಾಂ, ಈಗ ಕೇಳುಸ್ತು" ಎಂದು ನಕ್ಕಳು.